ಮೊದಲ ಸಾಕು ಕಪ್ಪೆ: ಬೆಂಗಳೂರಿನ ಫ್ಲಾಟ್‌ಗೆ ಯಾವುದು ಸರಿ?

ರಾಗಿಹಪ್ಪಳ:

ಎಲ್ಲರಿಗೂ ನಮಸ್ಕಾರ. ಮಗಳಿಗೆ 12 ವರ್ಷ, ಕಪ್ಪೆ ಸಾಕೋಣ ಅಂತ ದುಂಬಾಲು ಬಿದ್ದಿದ್ದಾಳೆ. ಮನೆಯಲ್ಲಿ ಇದುವರೆಗೆ ಮೀನು ಬಿಟ್ಟರೆ ಬೇರೇನೂ ಸಾಕಿಲ್ಲ. ಅಂಗಡಿಯವರು ನಾಲ್ಕು ತೋರಿಸಿದರು: ಅಗಲ ಬಾಯಿಯ ಪ್ಯಾಕ್‌ಮ್ಯಾನ್, ದಪ್ಪನೆಯ ಹಸಿರು ವೈಟ್ಸ್ ಟ್ರೀ ಫ್ರಾಗ್, ಕೆಂಪು ಕಣ್ಣಿನ ಮರಗಪ್ಪೆ, ಮತ್ತೆ ನೀರಲ್ಲೇ ಇರುವ ಒಂದು ಬಿಳಿ ಕಪ್ಪೆ. ನಾಲ್ಕಕ್ಕೂ "ಬಿಗಿನರ್ ಪೆಟ್ ಮೇಡಂ, ಏನೂ ಕಷ್ಟ ಇಲ್ಲ" ಅಂದರು. ಅದಕ್ಕೇ ಅನುಮಾನ.

ನಮ್ಮ ಪರಿಸ್ಥಿತಿ ಹೇಳಿಬಿಡ್ತೀನಿ. ಮೂರನೇ ಮಹಡಿ, ಹಾಲ್ ಪಶ್ಚಿಮಕ್ಕೆ, ಎಸಿ ಇಲ್ಲ. ವಾರದಲ್ಲಿ ಎರಡು ದಿನ ಕಾವೇರಿ, ಉಳಿದ ದಿನ ಟ್ಯಾಂಕರ್ ನೀರು. ಮೀನಿನ ಹಳೇ ತೊಟ್ಟಿ ಒಂದಿದೆ, 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಎಲ್ಲಾ ಸೇರಿ 15 ಸಾವಿರದೊಳಗೆ ಆಗಬೇಕು. ವರ್ಷಕ್ಕೆರಡು ಸಲ ನಾಲ್ಕೈದು ದಿನ ಊರಿಗೆ ಹೋಗ್ತೀವಿ.

ಯಾವ ಕಪ್ಪೆ? ಹಳೇ ತೊಟ್ಟಿ ನಡೆಯತ್ತಾ? ಜೀವಂತ ಹುಳವೇ ಹಾಕಬೇಕಾ? ಕಾನೂನು ಪ್ರಕಾರ ತೊಂದರೆ ಇದೆಯಾ? ನಮ್ಮತ್ತೆ ಬೇರೆ, "ಮಳೆ ಬಂದರೆ ತೋಟದ ಮನೆ ಬಚ್ಚಲಿಗೇ ಬರತ್ತೆ, ಅದಕ್ಕೆ ದುಡ್ಡು ಯಾಕೆ" ಅಂತಿದ್ದಾರೆ.

ಜಾಲಾರಿ:

ಮೇಡಂ, ನಾಲ್ಕರಲ್ಲಿ ಎರಡನ್ನು ಈಗಲೇ ಪಕ್ಕಕ್ಕಿಡಿ.

ಆ ಬಿಳಿ ನೀರುಗಪ್ಪೆ ಬಹುತೇಕ ಆಲ್ಬಿನೊ ಝೆನೋಪಸ್, ಅಂದರೆ ಆಫ್ರಿಕಾದ ಉಗುರುಗಪ್ಪೆ. ಅಂಗಡಿಯಲ್ಲಿ ಎರಡಿಂಚಿನ ಮರಿ ಇರುತ್ತದೆ. ಹೆಣ್ಣು ಬೆಳೆದರೆ 10–12 ಸೆಂ.ಮೀ. ಆಗಿ, ಬಾಯಿಗೆ ಹಿಡಿಯುವ ಮೀನನ್ನೆಲ್ಲ ನುಂಗಿ, 15 ವರ್ಷ ಬದುಕುತ್ತದೆ. ಚಿಕ್ಕದಾಗಿಯೇ ಉಳಿಯುವ ಆಫ್ರಿಕನ್ ಡ್ವಾರ್ಫ್ ಫ್ರಾಗ್ ಬೇರೆ, ಅದು 3–4 ಸೆಂ.ಮೀ. ಮೀರುವುದಿಲ್ಲ. ಎರಡನ್ನೂ ಒಂದೇ ಹೆಸರಲ್ಲಿ ಮಾರುವುದುಂಟು. ಮುಂಗಾಲು ನೋಡಿ: ಬೆರಳುಗಳ ನಡುವೆ ಪೊರೆ ಇದ್ದರೆ ಡ್ವಾರ್ಫ್, ಬೆರಳು ಬಿಡಿಬಿಡಿಯಾಗಿದ್ದರೆ ಝೆನೋಪಸ್. ಕಣ್ಣು ನೆತ್ತಿಯ ಮೇಲಿದ್ದರೂ ಝೆನೋಪಸ್ಸೇ. ಸಾಕಿದ ಜಾಗದಿಂದ ತಪ್ಪಿಸಿಕೊಂಡೋ, ಬೇಡವಾದಾಗ ಹೊರಗೆ ಬಿಟ್ಟದ್ದರಿಂದಲೋ ಇದು ಚಿಲಿ, ಫ್ರಾನ್ಸ್‌ನಂಥ ದೇಶಗಳಲ್ಲಿ ಪಿಡುಗಾಗಿದೆ.

ಕೆಂಪು ಕಣ್ಣಿನದು ನೋಡಲು ಚೆಂದ, ಆದರೆ ಮೊದಲ ಕಪ್ಪೆ ಅಲ್ಲ. ತೇವ ಹೆಚ್ಚು ಬೇಕು, ಗಾಳಿಯೂ ಆಡಬೇಕು. ಎರಡನ್ನೂ ಒಟ್ಟಿಗೆ ಸರಿದೂಗಿಸುವುದು ಹೊಸಬರಿಗೆ ಕಷ್ಟ. ತೇವ ಕಟ್ಟಿಕೊಂಡರೆ ಚರ್ಮಕ್ಕೆ ಸೋಂಕು, ಒಣಗಿದರೆ ಎರಡೇ ದಿನಕ್ಕೆ ಸೊರಗುತ್ತದೆ. ಅದಲ್ಲದೆ ಅದು 2010ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಪರಿಚ್ಛೇದದಲ್ಲಿ ಸೈಟಿಸ್ ಜೀವಿಗಳ ಪಟ್ಟಿ ಇದೆ. ಅಂಥದ್ದನ್ನು ಇಟ್ಟುಕೊಂಡರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ನಿಯಮ 2024ರ ಫೆಬ್ರವರಿಯಲ್ಲಿ ಬಂದಿದೆ. ಬಣ್ಣಬಣ್ಣದ ಡಾರ್ಟ್ ಫ್ರಾಗ್, ಟೊಮ್ಯಾಟೊ ಫ್ರಾಗ್, ಮ್ಯಾಂಟೆಲ್ಲಾ ಇವೆಲ್ಲಕ್ಕೂ ಇದೇ ಮಾತು. "ಎಲ್ಲರೂ ಇಟ್ಕೊಂಡಿದಾರೆ ಮೇಡಂ" ಅನ್ನುವುದು ದಾಖಲೆ ಅಲ್ಲ.

ವೈಟ್ಸ್ ಮತ್ತು ಪ್ಯಾಕ್‌ಮ್ಯಾನ್ ಸೈಟಿಸ್ ಪಟ್ಟಿಯಲ್ಲಿಲ್ಲ. ಆದರೂ ಬಿಲ್ ತಗೊಳ್ಳಿ, ಅದರಲ್ಲಿ ವೈಜ್ಞಾನಿಕ ಹೆಸರು ಬರೆಸಿ, ಇಲ್ಲೇ ಮರಿ ಮಾಡಿದ್ದೋ ಹೊರಗಿಂದ ತರಿಸಿದ್ದೋ ಕೇಳಿ. ವೈಟ್ಸ್‌ನಲ್ಲಿ ಈ ಪ್ರಶ್ನೆ ಮುಖ್ಯ. ಇಂಡೋನೇಷ್ಯಾದ ಕಾಡಿನಿಂದ ಹಿಡಿದು ಬರುವ ಕಪ್ಪೆಗಳೂ ಮಾರುಕಟ್ಟೆಯಲ್ಲಿರುತ್ತವೆ. ಅವುಗಳಲ್ಲಿ ಹೊಟ್ಟೆಹುಳದ ಕಾಟ, ಮೂತಿ ಸುಲಿದ ಗಾಯ ಸಾಮಾನ್ಯ.

ನನ್ನ ಆಯ್ಕೆ ವೈಟ್ಸ್ ಟ್ರೀ ಫ್ರಾಗ್. ಉತ್ತರ ಆಸ್ಟ್ರೇಲಿಯಾದ ತಿಂಗಳುಗಟ್ಟಲೆ ಮಳೆಯಿಲ್ಲದ ಹವೆಗೆ ಒಗ್ಗಿದ ಜೀವಿ ಅದು. ಚರ್ಮದ ಮೇಲೆ ಮೇಣದಂಥ ಪದರ ಇರುವುದರಿಂದ ಬೇರೆ ಮರಗಪ್ಪೆಗಳಷ್ಟು ಬೇಗ ನೀರು ಕಳೆದುಕೊಳ್ಳುವುದಿಲ್ಲ. ಮಾರ್ಚ್ ಮಧ್ಯಾಹ್ನ ನಿಮ್ಮ ಹಾಲ್‌ನಲ್ಲಿ ತೇವಾಂಶ 35 ಶೇಕಡಾಕ್ಕೆ ಇಳಿದಿದ್ದಾಗ ಒಂದು ದಿನ ನೀರು ಸಿಂಪಡಿಸಲು ಮರೆತರೂ ಕುಡಿಯುವ ತಟ್ಟೆ ತುಂಬಿದ್ದರೆ ಬದುಕಿಕೊಳ್ಳುತ್ತದೆ. ತಿನ್ನಲು ತಗಾದೆ ಇಲ್ಲ. ಕೈ ಸೋಕಿದರೆ ಗಾಬರಿಯಾಗುವುದೂ ಕಡಿಮೆ. ಒಂದೇ ಯೋಚನೆ, ಆಯಸ್ಸು 15ರಿಂದ 20 ವರ್ಷ. ಮಗಳು ಓದು ಮುಗಿಸಿ ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ ಮೇಲೂ ಕಪ್ಪೆ ನಿಮ್ಮ ಪಾಲಿಗೇ.

ಹಳೇ ತೊಟ್ಟಿ ಹಾಗೇ ನಡೆಯುವುದಿಲ್ಲ. ಮರಗಪ್ಪೆಗೆ ಎತ್ತರ ಬೇಕು. ಬೆಳೆದ ಒಂದಕ್ಕೆ, ಅಥವಾ ಜೋಡಿಗೆ, 45×45×60 ಸೆಂ.ಮೀ. ಇಟ್ಟುಕೊಳ್ಳಿ. ಅಕ್ವೇರಿಯಂ ಮಾಡಿಕೊಡುವವರ ಹತ್ತಿರ 5 ಮಿ.ಮೀ. ಗಾಜಿನಲ್ಲಿ ಹೇಳಿ ಮಾಡಿಸಿ: ಮುಂದೆ ಬಾಗಿಲು, ಬಾಗಿಲ ಕೆಳಗೆ ಎರಡಿಂಚಿನ ಜಾಲರಿ ಪಟ್ಟಿ, ಮೇಲ್ಭಾಗ ಪೂರ್ತಿ ಜಾಲರಿ. ಕೆಳಗಿಂದ ಗಾಳಿ ಬಂದು ಮೇಲಿಂದ ಹೋದರೆ ಒಳಗೆ ಮುಗ್ಗು ವಾಸನೆ ಬರುವುದಿಲ್ಲ. ಜಾಲರಿ ಸ್ಟೀಲ್ ಇರಲಿ, ಕಿಟಕಿಯ ನೈಲಾನ್ ಸೊಳ್ಳೆಪರದೆಯನ್ನು ಚಿಮ್ಮಂಡೆಗಳು (ಊಟಕ್ಕೆ ಬಿಡುವ ಕ್ರಿಕೆಟ್ ಹುಳಗಳು) ಕಡಿದು ತೂತು ಮಾಡುತ್ತವೆ. ಸಿಲಿಕೋನ್ ಅಕ್ವೇರಿಯಂನದ್ದೇ ಹಾಕಿಸಿ. ಬಚ್ಚಲುಮನೆಗೆ ಬಳಸುವ ಬೂಷ್ಟುನಿರೋಧಕ ಸಿಲಿಕೋನ್ ವಿಷ. ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಒಂದು ವಾರವಾದರೂ, ತೊಟ್ಟಿ ತೆರೆದಿಡಿ.

ಒಳಗೆ ಹೆಬ್ಬೆರಳಿಗಿಂತ ದಪ್ಪದ ಎರಡು ಮೂರು ಕೊಂಬೆ ಓರೆಯಾಗಿ, ಒಂದು ಮನಿ ಪ್ಲಾಂಟ್ ಕುಂಡ, ಒಂದು ಅಗಲ ತಟ್ಟೆ. ಅಷ್ಟು ಸಾಕು. ಮನಿ ಪ್ಲಾಂಟ್ ಎಲೆ ಕಪ್ಪೆಯ ಭಾರ ತಡೆಯುತ್ತದೆ. ಫರ್ನ್ ಇಟ್ಟರೆ ವಾರದಲ್ಲಿ ಚಪ್ಪಟೆ. ನರ್ಸರಿ ಗಿಡವಾದರೆ ಮಣ್ಣು ಪೂರ್ತಿ ಬದಲಿಸಿ, ಎಲೆ ತೊಳೆದು, ಒಂದು ತಿಂಗಳು ಹೊರಗಿಟ್ಟು ಆಮೇಲೆ ಒಳಗಿಡಿ. ಗೊಬ್ಬರದ ಬಿಳಿ ಹರಳು, ಕೀಟನಾಶಕ ಎರಡೂ ಕಪ್ಪೆಯ ಚರ್ಮದ ಮೂಲಕ ನೇರ ಒಳಗೆ ಹೋಗುತ್ತವೆ.

ನೀರ್ಗುಳ್ಳೆ:

ಮೇಲಿನದ್ದಕ್ಕೆ ನೀರು ಮತ್ತು ಬಿಸಿಯ ಲೆಕ್ಕ ಸೇರಿಸ್ತೀನಿ. ಬೆಂಗಳೂರಲ್ಲಿ ಕಪ್ಪೆ ಸಾಯುವುದು ಚಳಿಗಲ್ಲ, ಏಪ್ರಿಲ್‌ಗೆ.

ಕಪ್ಪೆ ತರುವ ಮುಂಚೆ ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಒಂದನ್ನು ಮನೆಯ ಬೇರೆ ಬೇರೆ ಕೋಣೆಯಲ್ಲಿ ಎರಡೆರಡು ದಿನ ಇಟ್ಟು ನೋಡಿ. ವೈಟ್ಸ್‌ಗೆ ಹಗಲು 24–29, ರಾತ್ರಿ 20–24 ಡಿಗ್ರಿ ಸರಿ. ರಾತ್ರಿ 18 ಆದರೂ ನಡೆಯುತ್ತದೆ, ಆದರೆ ಹೊಟ್ಟೆ ತುಂಬಿಸಿ ಚಳಿಯಲ್ಲಿ ಬಿಟ್ಟರೆ ತಿಂದದ್ದು ಅರಗದೆ ಒಳಗೇ ಕೊಳೆಯುತ್ತದೆ. ಮೇಲ್ಮಿತಿ 32 ಅಂತ ಇಟ್ಟುಕೊಳ್ಳಿ. ಪಶ್ಚಿಮದ ಹಾಲ್ ಬೇಸಿಗೆ ಸಂಜೆ ಅದನ್ನು ದಾಟುತ್ತದೆ. ಪೂರ್ವ ಅಥವಾ ಉತ್ತರದ ಕೋಣೆ, ನೆಲಕ್ಕೆ ಹತ್ತಿರ, ಕಿಟಕಿ ಬಿಸಿಲು ಒಂದು ನಿಮಿಷವೂ ಬೀಳದ ಜಾಗ. ಗಾಜಿನ ತೊಟ್ಟಿಗೆ ನೇರ ಬಿಸಿಲು ಬಿದ್ದರೆ ಇಪ್ಪತ್ತೇ ನಿಮಿಷಕ್ಕೆ ಒಳಗೆ ಪ್ರಾಣ ಹೋಗುವಷ್ಟು ಕಾವು.

ಬೇಸಿಗೆಗೆ ಒಂದು ಅಗ್ಗದ ಉಪಾಯ: ಮೇಲಿನ ಜಾಲರಿಯ ಅರ್ಧಕ್ಕೆ ಒದ್ದೆ ಹತ್ತಿ ಬಟ್ಟೆ ಹಾಸಿ, ಪಕ್ಕದಿಂದ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಬಿಡಿ. ಒಣಹವೆಯಲ್ಲಿ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದರೆ ಹೆಪ್ಪುಗಟ್ಟಿಸಿದ ಒಂದು ಲೀಟರ್ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಜಾಲರಿಯ ಮೇಲಿಡಿ, ತಂಪು ಗಾಳಿ ತಾನೇ ಕೆಳಗಿಳಿಯುತ್ತದೆ. ಬಾಟಲಿಯನ್ನು ಒಳಗಿಡಬೇಡಿ, ಕಪ್ಪೆ ಅದಕ್ಕೇ ಅಂಟಿಕೊಂಡು ಕೂರುತ್ತದೆ.

ತೇವಾಂಶ 50–70 ಶೇಕಡಾ. ಸಂಜೆ ಒಂದು ಸಲ ಗಾಜು ಒದ್ದೆಯಾಗುವಷ್ಟು ಸಿಂಪಡಿಸಿ, ಮಧ್ಯಾಹ್ನದ ಹೊತ್ತಿಗೆ ಒಣಗಿರಬೇಕು. ಜುಲೈ-ಆಗಸ್ಟ್‌ನಲ್ಲಿ ಸಿಂಪಡಿಸುವ ಅಗತ್ಯವೇ ಬೀಳುವುದಿಲ್ಲ. ಸದಾ ಒದ್ದೆ ಇಟ್ಟವರ ಕಪ್ಪೆಗಳಿಗೇ ಹೊಟ್ಟೆ ಮತ್ತು ತೊಡೆಯ ಒಳಭಾಗ ಕೆಂಪಾಗುವ ಬ್ಯಾಕ್ಟೀರಿಯಾ ಸೋಂಕು ಬರುವುದು ಹೆಚ್ಚು.

ನೀರು. ಕಪ್ಪೆ ಬಾಯಿಂದ ಕುಡಿಯುವುದಿಲ್ಲ. ತೊಡೆಯ ನಡುವಿನ ಹೊಟ್ಟೆಯ ಚರ್ಮದಿಂದ ಹೀರುತ್ತದೆ. ಹಾಗಾಗಿ ತಟ್ಟೆಯ ನೀರೇ ಅದರ ರಕ್ತಕ್ಕೆ ಸೇರುವ ನೀರು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್‌ನಲ್ಲಿ 24 ಗಂಟೆ ತೆರೆದಿಟ್ಟರೆ ಬಹುಪಾಲು ಹಾರಿಹೋಗುತ್ತದೆ. ಬೇಗ ಆಗಬೇಕಾದರೆ ಸೋಡಿಯಂ ಥಯೋಸಲ್ಫೇಟ್ ಹರಳು, ಅಕ್ವೇರಿಯಂ ಅಂಗಡಿಯಲ್ಲಿ "ಆಂಟಿ-ಕ್ಲೋರಿನ್" ಅಂತಲೇ ಸಿಗುತ್ತದೆ. 10 ಗ್ರಾಂ ಹರಳನ್ನು 1 ಲೀಟರ್ ನೀರಲ್ಲಿ ಕರಗಿಸಿಟ್ಟುಕೊಳ್ಳಿ. ಆ ದ್ರಾವಣದ 1 ಮಿ.ಲೀ. ಒಂದು ಲೀಟರ್ ನಲ್ಲಿ ನೀರಿಗೆ ಸಾಕು. ಅಪಾರ್ಟ್‌ಮೆಂಟ್‌ನಲ್ಲಿ ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮಾತ್ರ ಈ ಲೆಕ್ಕ ನಂಬಬೇಡಿ. ಮೊದಲೇ ಎರಡು ಕ್ಯಾನ್ ಹಿಡಿದಿಟ್ಟುಕೊಳ್ಳಿ. ಟ್ಯಾಂಕರ್ ಬೋರ್‌ವೆಲ್ ನೀರಿನ ಗಡಸುತನ ವೈಟ್ಸ್‌ಗೆ ತೊಂದರೆ ಕೊಡುವುದಿಲ್ಲ, ಗಾಜಿನ ಮೇಲೆ ಬಿಳಿ ಕಲೆ ಬೀಳುತ್ತದೆ ಅಷ್ಟೆ. ಆರ್‌ಒ ನೀರನ್ನು ಸಿಂಪಡಿಸಲು ಬಳಸಿ, ತಟ್ಟೆಗೆ ಬೇಡ. ಲವಣ ಇಲ್ಲದ ನೀರಲ್ಲಿ ದಿನವೂ ನೆನೆದರೆ ಮೈಯ ಲವಣ ಹೊರಗೆ ಸೋರುತ್ತದೆ.

ತಟ್ಟೆಯಲ್ಲಿ ನೀರು ಕೂತ ಕಪ್ಪೆಯ ಭುಜಕ್ಕಿಂತ ಮೇಲೆ ಬರಬಾರದು. ದಿನವೂ ಬದಲಿಸಿ, ಏಕೆಂದರೆ ಅದು ಕಕ್ಕ ಮಾಡುವುದೂ ಅಲ್ಲೇ.

ತೊಟ್ಟಿಯ ತಳದ ಹಾಸಿಗೆಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಅನ್ನುತ್ತಾರೆ. ತೋಟಗಾರಿಕೆಗೆ ಬರುವ ಇಟ್ಟಿಗೆಯಲ್ಲಿ ಉಪ್ಪಿನಂಶ ಜಾಸ್ತಿ ಇರಬಹುದು. 650 ಗ್ರಾಂ ಇಟ್ಟಿಗೆ ನೆನೆಸಿದರೆ ಎಂಟು ಒಂಬತ್ತು ಲೀಟರ್ ಆಗುತ್ತದೆ; ಅದನ್ನು ಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ನೀರು ತೊಳೆದು, ಹಿಂಡಿ ಹಾಕಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೊದಲ ಎರಡು ತಿಂಗಳಂತೂ ಅದೂ ಬೇಡ, ಒದ್ದೆ ಟಿಶ್ಯೂ ಪೇಪರ್ ಹಾಸಿ. ಕಕ್ಕ ಹೇಗಿದೆ, ಹುಳ ಕಾಣುತ್ತಾ ಅಂತ ಗೊತ್ತಾಗಲು ಅದೊಂದೇ ದಾರಿ.

ಚಾಕಿಮನೆ:

ಎಲ್ಲರೂ ಕಪ್ಪೆ ಆರಿಸ್ತಾರೆ, ನಾನು ಹೇಳೋದು ಮೊದಲು ಹುಳ ಆರಿಸಿ. ವಾರ ವಾರ, ಹದಿನೈದು ವರ್ಷ, ಎರಡು ಮೂರು ಬಗೆಯ ಜೀವಂತ ಹುಳ ಸಿಗತ್ತೆ ಅಂತ ಖಾತ್ರಿ ಆಗದಿದ್ದರೆ ಯಾವ ಕಪ್ಪೆಯೂ ಬೇಡ. ಕಪ್ಪೆಗೆ ಅಲುಗಾಡುವುದು ಮಾತ್ರ ಊಟ. ಕೆಲವು ವೈಟ್ಸ್ ಚಿಮಟದ ತುದಿಯಲ್ಲಿ ಆಡಿಸಿದ ಸತ್ತ ಹುಳ ತಗೊಳ್ಳತ್ತೆ, ಆದರೆ ಅದನ್ನು ನಂಬಿ ಶುರು ಮಾಡೋ ಹಾಗಿಲ್ಲ.

ದಿನದ ಊಟ ಚಿಮ್ಮಂಡೆ, ಅಂಗಡಿಯಲ್ಲಿ ಕ್ರಿಕೆಟ್ ಅಂತ ಕೇಳಿ. ಹುಳದ ಉದ್ದ ಕಪ್ಪೆಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಮರಿಗೆ ದಿನಾ 4–6, ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ 4–6 ದೊಡ್ಡವು. ಮನೆಯಲ್ಲೇ ಮಾಡಿಕೊಳ್ಳೋದು ಸುಲಭ: 40 ಲೀಟರ್ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ಸ್ಟೀಲ್ ಜಾಲರಿ, ಒಳಗೆ ಮೊಟ್ಟೆ ಟ್ರೇ ನಿಲ್ಲಿಸಿ, ಗೋಧಿ ಬೂಸಾ, ನೀರಿನ ಬದಲು ಕ್ಯಾರೆಟ್ ಹೋಳು. ನೀರಿನ ತಟ್ಟೆ ಇಟ್ಟರೆ ಮುಳುಗಿ ಸಾಯತ್ತೆ, ಕೊಳೆತು ನಾರತ್ತೆ. ಮೊಟ್ಟೆ ಇಡಲು ಒಂದೂವರೆ ಇಂಚು ತೇವದ ಕೊಕೊಪೀಟ್ ಇರುವ ಚಿಕ್ಕ ಡಬ್ಬ. 28–30 ಡಿಗ್ರಿಯಲ್ಲಿ ಹತ್ತು ದಿನದ ಆಸುಪಾಸಿನಲ್ಲಿ ಒಡೆಯತ್ತೆ. ಗಂಡು ರಾತ್ರಿಯಿಡೀ ಕಿರ್‌ಗುಡತ್ತೆ, ಡಬ್ಬ ಮಲಗುವ ಕೋಣೆಯಲ್ಲಿ ಇಡಬೇಡಿ.

ಚಿಮ್ಮಂಡೆಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಎಷ್ಟೋ ಪಟ್ಟು ಹೆಚ್ಚು. ಹಾಗೇ ತಿನ್ನಿಸಿದರೆ ಕಪ್ಪೆ ತನ್ನ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳತ್ತೆ: ಕೆಳದವಡೆ ಮೆತ್ತಗಾಗತ್ತೆ, ಬೆನ್ನು ಸೊಟ್ಟ, ಹಾರಲು ಹೋಗಿ ಬೀಳತ್ತೆ. ಅದಕ್ಕೆ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿ. ಮರಿಗೆ ಪ್ರತಿ ಊಟಕ್ಕೆ, ದೊಡ್ಡದಕ್ಕೆ ಒಂದು ಬಿಟ್ಟು ಒಂದು ಊಟಕ್ಕೆ. ಹುಳಗಳನ್ನು ಡಬ್ಬಕ್ಕೆ ಹಾಕಿ ಚಿಟಿಕೆ ಪುಡಿ ಉದುರಿಸಿ ಮೆಲ್ಲಗೆ ಕುಲುಕಿ, ಕತ್ತಲಾದ ಮೇಲೆ ಕಪ್ಪೆ ಎದ್ದಾಗಲೇ ಬಿಡಿ. ಮಧ್ಯಾಹ್ನ ಬಿಟ್ಟರೆ ಚಿಮ್ಮಂಡೆ ಕೂತು ಮೈ ಒರೆಸಿಕೊಂಡು ಪುಡಿಯೆಲ್ಲ ಕಳೆದುಕೊಂಡಿರತ್ತೆ. ಎರಡು ವಾರಕ್ಕೊಮ್ಮೆ ಮಲ್ಟಿವಿಟಮಿನ್ ಪುಡಿ. ಅದರಲ್ಲಿ ವಿಟಮಿನ್ ಎ ರೆಟಿನಾಲ್ ರೂಪದಲ್ಲಿ ಇದೆಯಾ ಲೇಬಲ್ ನೋಡಿ, ಬರೀ ಬೀಟಾ ಕೆರೋಟಿನ್ ಇದ್ದರೆ ಪ್ರಯೋಜನ ಕಡಿಮೆ. ಎ ಕೊರತೆಯಾದ ಕಪ್ಪೆ ಹುಳದ ಕಡೆ ನಾಲಗೆ ಚಾಚತ್ತೆ, ಹುಳ ಅಂಟೋದೇ ಇಲ್ಲ. ತಿನ್ನಿಸುವ ಹಿಂದಿನ ದಿನ ಹುಳಕ್ಕೆ ಚೆನ್ನಾಗಿ ತೊಳೆದ ನುಗ್ಗೆಸೊಪ್ಪು, ಕುಂಬಳಕಾಯಿ ಹಾಕಿ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳತ್ತೆ.

ನಮ್ಮ ಕಡೆಯ ದೊಡ್ಡ ಅನುಕೂಲ ರೇಷ್ಮೆಹುಳು. ಮೆತ್ತಗಿರತ್ತೆ, ನೀರಿನಂಶ ಹೆಚ್ಚು, ಕೊಬ್ಬು ಕಡಿಮೆ, ತೊಟ್ಟಿ ಬಿಟ್ಟು ಓಡಿಹೋಗಲ್ಲ. ರಾಮನಗರ, ಶಿಡ್ಲಘಟ್ಟ, ಕನಕಪುರ ಕಡೆ ಹೋದವರು "ಒಂದು ತಟ್ಟೆ ಹುಳ ಕೊಡಿ" ಅಂತ ಸೀದಾ ಸಾಕಣೆ ಮನೆಯಿಂದ ತಂದು ಹಾಕಿಬಿಡ್ತಾರೆ. ಅಲ್ಲೇ ಎಡವಟ್ಟು. ಹುಳ ಜ್ವರಕ್ಕೆ ಹೋದಾಗ, ಅಂದರೆ ಚರ್ಮ ಕಳಚಲು ಮೇವು ಬಿಟ್ಟು ಕೂತಾಗ, ಅದರ ಹಾಸಿಗೆಗೆ ಸುಣ್ಣ ಉದುರಿಸ್ತಾರೆ, ಜ್ವರ ಎದ್ದ ಮೇಲೆ ಸೋಂಕುನಿವಾರಕ ಪುಡಿ. ಅದೇ ಪುಡಿ ಹುಳದ ಮೈಮೇಲಿಂದ ಕಪ್ಪೆಯ ಬಾಯಿಗೆ ಹೋಗತ್ತೆ. ಸರಿಯಾದ ದಾರಿ: ಎರಡನೇ ಜ್ವರ ಎದ್ದ ಚಾಕಿ ಹುಳ (ಎಳೆಯ ಹುಳ) ಸ್ವಲ್ಪ ತಂದು, ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು ಹಾಕಿ, ಪುಡಿ ಯಾವುದೂ ಉದುರಿಸದೆ ಮನೆಯಲ್ಲೇ ಇನ್ನೊಂದು ಜ್ವರ ದಾಟಿಸಿ. ಹಳೇ ಚರ್ಮದ ಜೊತೆ ಪುಡಿಯೂ ಕಳಚಿ ಹೋಗತ್ತೆ. ಮೂರನೇ ಜ್ವರ ಎದ್ದ ಹುಳ ಮಧ್ಯಮ ಕಪ್ಪೆಗೆ, ನಾಲ್ಕನೇದು ಎದ್ದ ಎರಡು ಮೂರು ದಿನದೊಳಗೆ ದೊಡ್ಡ ಕಪ್ಪೆಗೆ. ಸೊಪ್ಪು ಒದ್ದೆ ಇರಬಾರದು, ಹುಳಕ್ಕೆ ರೋಗ ಬರತ್ತೆ.

ಎರೆಹುಳು ಕೂಡ ಒಳ್ಳೇದು. ಆದರೆ ಎರೆಗೊಬ್ಬರದ ತೊಟ್ಟಿಯಲ್ಲಿ ಎರಡು ಜಾತಿ ಇರತ್ತೆ. ತೆಳ್ಳಗೆ, ಕೆಂಪಗೆ, ಹಳದಿ ಪಟ್ಟೆ ಇದ್ದು ಮುಟ್ಟಿದರೆ ನಾರುವ ಹಳದಿ ರಸ ಬಿಡೋದು ಐಸೀನಿಯಾ. ಕಪ್ಪೆ ಅದನ್ನು ಬಾಯಿಗೆ ಹಾಕಿ ಮುಂಗಾಲಿನಿಂದ ಒರೆಸಿ ಉಗಿಯತ್ತೆ. ದಪ್ಪಗೆ, ಕಂದುನೇರಳೆ ಮಿಂಚು ಇರೋದು ಆಫ್ರಿಕಾದ ಯೂಡ್ರಿಲಸ್, ಅದನ್ನು ತಗೊಳ್ಳಿ. ಒಂದು ದಿನ ತೊಳೆದ ಕೊಕೊಪೀಟ್‌ನಲ್ಲಿ ಬಿಟ್ಟು, ತೊಳೆದು, ತುಂಡು ಮಾಡಿ ಚಿಮಟದಲ್ಲಿ ಕೊಡಿ. ಮೀಲ್‌ವರ್ಮ್, ಸೂಪರ್‌ವರ್ಮ್ ಹಪ್ಪಳ-ಸಂಡಿಗೆ ಇದ್ದ ಹಾಗೆ, ಎಂದಾದರೊಮ್ಮೆ. ದೀಪಕ್ಕೆ ಬಂದ ಹುಳ ಹಿಡಿದು ಹಾಕಬೇಡಿ. ಔಷಧಿ ಸೋಕಿದ್ದೋ ಗೊತ್ತಿರಲ್ಲ. ಮಿಂಚುಹುಳು ಅಂತೂ ವಿಷ, ಒಂದೇ ಒಂದು ತಿಂದರೂ ಕಪ್ಪೆ ಸಾಯಬಹುದು.

ಕಡಲತಡಿ:

ಅಲ್ಲ ಮಾರಾಯ್ರೇ, ಪ್ಯಾಕ್‌ಮ್ಯಾನನ್ನು ಯಾಕೆ ಬದಿಗಿಟ್ಟದ್ದು? ಇವರ ಹತ್ತಿರ ಇರುವ 2×1 ಅಡಿ ತೊಟ್ಟಿ ಅದಕ್ಕೆ ಸರೀ ಆಗ್ತದೆ, ಹೊಸತು ಮಾಡಿಸುವುದೇ ಬೇಡ. ಬೆಳೆದ ಮೇಲೆ ವಾರಕ್ಕೆ ಒಂದು ಸಲ ಊಟ. ಹಾರುವುದಿಲ್ಲ, ಓಡುವುದಿಲ್ಲ. ಹುಳ ಹುಡುಕುವ ಕಷ್ಟವೂ ಕಡಿಮೆ, ಯೂಡ್ರಿಲಸ್ ಎರೆಹುಳ ಇದ್ದರೆ ಮುಕ್ಕಾಲು ಊಟ ಆಯ್ತು. ಊರಿಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮಾಡುವ ಕ್ರಮ: ತೊಳೆದ ಕೊಕೊಪೀಟ್ ನಾಲ್ಕಿಂಚು, ಹೂಳಿಕೊಂಡು ಕೂರುವಷ್ಟು ಆಳ. ಒಂದು ಬದಿ ಒದ್ದೆ ಹೆಚ್ಚು, ಇನ್ನೊಂದು ಬದಿ ಕಡಿಮೆ. 24–28 ಡಿಗ್ರಿ. ಒಂದು ತೊಟ್ಟಿಗೆ ಒಂದೇ, ಎರಡು ಹಾಕಿದರೆ ಬೆಳಿಗ್ಗೆ ಒಂದೇ ಇರ್ತದೆ. ಹೀಟ್ ಮ್ಯಾಟ್ ಬೇಕಾದರೆ ಪಕ್ಕದ ಗಾಜಿಗೆ, ಥರ್ಮೋಸ್ಟಾಟ್ ಜೊತೆ. ಅಡಿಗೆ ಹಾಕಬೇಡಿ. ಬಿಸಿಯಾದರೆ ಇದು ಕೆಳಗೆ ಕೆಳಗೆ ಅಗೆದು ತಪ್ಪಿಸಿಕೊಳ್ಳುವ ಪ್ರಾಣಿ. ಅಡಿಯೇ ಬಿಸಿ ಇದ್ದರೆ ನೇರ ಹೋಗಿ ಅದರ ಮೇಲೆಯೇ ಕೂತು ಬೇಯ್ತದೆ.

ಸಾಯುವುದು ಬಹುತೇಕ ಹಾಸಿಗೆ ಬದಲಿಸದೆ. ಕಕ್ಕದ ಅಮೋನಿಯಾ ಕೊಕೊಪೀಟಿನಲ್ಲಿ ಸೇರ್ತದೆ, ಅದರಲ್ಲೇ ಹೂತು ಕೂತ ಕಪ್ಪೆ ಚರ್ಮದಿಂದ ವಾಪಸ್ ಹೀರ್ತದೆ. ಹಿಂಗಾಲು ಸೆಟೆದು ಕೂತಲ್ಲೇ ಜಿಗಿಯುವ ಹಾಗೆ ಒದ್ದಾಡಿದರೆ ಅದೇ. ಕೂಡಲೇ ತೆಗೆದು ಕ್ಲೋರಿನ್ ಇಲ್ಲದ, ಅರ್ಧ ಇಂಚು ಆಳದ ನೀರಿನಲ್ಲಿ ಇಟ್ಟು, ನೀರು ಗಂಟೆಗೊಮ್ಮೆ ಬದಲಿಸಿ, ಡಾಕ್ಟರಿಗೆ ಹೇಳಿ. ಕಂಡ ಕಕ್ಕ ಆ ದಿನವೇ ತೆಗೆಯಿರಿ, ಪೂರ್ತಿ ಹಾಸಿಗೆ ಮೂರು ನಾಲ್ಕು ವಾರಕ್ಕೊಮ್ಮೆ. ಗೋಲ್ಡ್‌ಫಿಶ್, ಇಲಿಮರಿ ಹಾಕುವ ವಿಡಿಯೋ ನೋಡಿ ಮರುಳಾಗಬೇಡಿ. ಗೋಲ್ಡ್‌ಫಿಶ್‌ನಲ್ಲಿ ವಿಟಮಿನ್ ಬಿ1 ಹಾಳುಮಾಡುವ ಕಿಣ್ವ ಉಂಟು, ಇಲಿಮರಿಯಿಂದ ಬೊಜ್ಜು.

ಜಾಲಾರಿ:

@ಕಡಲತಡಿ ಸಾಕುವ ಸುಲಭದ ಮಟ್ಟಿಗೆ ನೀವು ಹೇಳಿದ್ದು ಒಪ್ಪುವೆ. ಆದರೆ ಇಲ್ಲಿ 12 ವರ್ಷದ ಹುಡುಗಿ ಇದ್ದಾಳೆ. ಪ್ಯಾಕ್‌ಮ್ಯಾನ್ ದಿನದ 23 ಗಂಟೆ ಮಣ್ಣಲ್ಲಿ ಹೂತು ಎರಡು ಕಣ್ಣು ಮಾತ್ರ ತೋರಿಸುತ್ತದೆ. ಮುಂದೆ ಬೆರಳು ಆಡಿಸಿದರೆ ಕಚ್ಚಿ ಬಿಡುವುದಿಲ್ಲ, ಮೇಲ್ದವಡೆಯಲ್ಲಿ ಹಲ್ಲಿವೆ, ರಕ್ತ ಬರುತ್ತದೆ. ಎರಡು ತಿಂಗಳಲ್ಲಿ ಮಗುವಿಗೆ ಬೇಸರ, ಆಮೇಲೆ ಹಾಸಿಗೆ ಬದಲಿಸುವವರು ಯಾರು? ನೀವೇ ಹೇಳಿದ ಸಾವಿನ ಕಾರಣ ಶುರುವಾಗುವುದು ಅಲ್ಲೇ. ತಾಯಿಗೇ ಅಂತ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ರಾಗಿಹಪ್ಪಳ:

ಎಲ್ಲರಿಗೂ ತುಂಬಾ ಧನ್ಯವಾದ. ವೈಟ್ಸ್ ಅಂತ ತೀರ್ಮಾನ ಆಯ್ತು, ಮಗಳು ಈಗಲೇ ತೊಟ್ಟಿಯ ಅಳತೆ ಬರೆದಿಟ್ಟುಕೊಂಡಿದ್ದಾಳೆ. ಇನ್ನೊಂದೆರಡು: ರಾತ್ರಿ ಸೊಳ್ಳೆ ಮೆಷಿನ್ ಹಾಕ್ತೀವಿ, ಪರವಾಗಿಲ್ವಾ? ಒಂಟಿಯಾಗಿ ಬೇಸರ ಆಗಲ್ವಾ, ಎರಡು ತರಲಾ? ಊರಿಗೆ ಹೋದಾಗ ಏನು ಮಾಡೋದು? ಅಂಗಡಿಯಲ್ಲಿ ಆರಿಸುವಾಗ ಏನು ನೋಡಬೇಕು? ಅತ್ತೆಗೆ ಏನು ಹೇಳಲಿ?

ಹುತ್ತದಮಣ್ಣು:

ಅತ್ತೆಯವರಿಂದಲೇ ಶುರು ಮಾಡೋಣ. ಬಚ್ಚಲಿಗೆ ಬರುವುದು ಬಹುಶಃ ಕಂದು ಬಣ್ಣದ ಸಾಮಾನ್ಯ ಮರಗಪ್ಪೆ. ಅದನ್ನು ಹಿಡಿದು ಪೆಟ್ಟಿಗೆಗೆ ಹಾಕುವುದು ಬೇಡ. ಕಾಯ್ದೆಯ ಮಾತು ಹಾಗಿರಲಿ, ಕಾಡು ಕಪ್ಪೆ ಗಾಜಿಗೆ ಮೂತಿ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತದೆ, ಮೇವು ಬಿಡುತ್ತದೆ. ಗದ್ದೆಯ ಕಪ್ಪೆಗಳನ್ನು ಕಾಲಿಗಾಗಿ ಹಿಡಿದು ರಫ್ತು ಮಾಡುವುದನ್ನು ಸರ್ಕಾರ ನಿಲ್ಲಿಸಿದ್ದು 1987ರಲ್ಲಿ, ಅಷ್ಟರೊಳಗೆ ಬೇಕಾದಷ್ಟು ಖಾಲಿಯಾಗಿತ್ತು. ತೋಟದ ಮನೆಯಲ್ಲಿ ಒಂದು ಅಗಲ ಟಬ್‌ಗೆ ನೀರು ತುಂಬಿ ಗಿಡದ ನೆರಳಲ್ಲಿಡಲಿ. ಮುಂಗಾರು ಶುರುವಾದ ಮೇಲೆ ನೀರಿನ ಮೇಲಿನ ಕೊಂಬೆಗೋ ಟಬ್ಬಿನ ಅಂಚಿಗೋ ಮುಷ್ಟಿಗಾತ್ರದ ಬಿಳಿ ನೊರೆ ಮೆತ್ತಿದ್ದು ಕಂಡರೆ ಒಳಗೆ ಮೊಟ್ಟೆ ಇದೆ ಅಂತ ಅರ್ಥ. ಕೆಲವು ದಿನಕ್ಕೆ ನೊರೆ ಕರಗಿ ಗೊದಮೊಟ್ಟೆಗಳು ಟಪಟಪ ನೀರಿಗೆ ಬೀಳುತ್ತವೆ. ಮಗಳಿಗೆ ರಜೆಯಲ್ಲಿ ನೋಡಲು ಅದೇ ಬೇಕಾದಷ್ಟು.

ಸೊಳ್ಳೆ ಮೆಷಿನ್, ಬತ್ತಿ ಆ ಕೋಣೆಯಲ್ಲಿ ಬೇಡವೇ ಬೇಡ. ಅದರಲ್ಲಿರುವುದು ಪೈರೆಥ್ರಾಯ್ಡ್ ಅನ್ನುವ ಕೀಟನಾಶಕ, ಹುಳವನ್ನೂ ಕೊಲ್ಲುತ್ತದೆ, ಕಪ್ಪೆಯ ಚರ್ಮದಿಂದಲೂ ಒಳಗಿಳಿಯುತ್ತದೆ. ಕಿಟಕಿಗೆ ಪರದೆ ಹಾಕಿಸಿ. ಜಿರಳೆ ಚಾಕ್, ಸ್ಪ್ರೇ, ಫಿನಾಯಿಲ್ ಒರೆಸುವ ಬಟ್ಟೆ, ರೂಮ್ ಫ್ರೆಶ್‌ನರ್ ಎಲ್ಲವೂ ಅದೇ ಸಾಲಿಗೆ. ಅಪಾರ್ಟ್‌ಮೆಂಟ್‌ನಲ್ಲಿ ಪೆಸ್ಟ್ ಕಂಟ್ರೋಲ್ ನೋಟಿಸ್ ಬಂದರೆ ಕಪ್ಪೆಯನ್ನು ಎರಡು ಮೂರು ದಿನ ಬೇರೆ ಮನೆಗೆ ಕಳಿಸಿ.

ಒಂಟಿಗೆ ಬೇಸರ ಅನ್ನುವುದು ಕಪ್ಪೆಗಿಲ್ಲ. ಮೊದಲು ಒಂದೇ. ಆಮೇಲೆ ಎರಡನೆಯದು ಬೇಕಾದರೆ ಅದೇ ಗಾತ್ರದ್ದು, ಬೇರೆ ಕೋಣೆಯಲ್ಲಿ ಎರಡು ತಿಂಗಳು ಪ್ರತ್ಯೇಕ ಇಟ್ಟು ಆಮೇಲೆ ಸೇರಿಸಿ. ಚಿಕ್ಕದನ್ನು ದೊಡ್ಡದರ ಜೊತೆ ಬಿಟ್ಟರೆ ಊಟವಾಗುತ್ತದೆ. ಬೇರೆ ಜಾತಿ ಸೇರಿಸಲೇಬೇಡಿ. ಗಂಡಾದರೆ ಮಳೆಗಾಲದ ರಾತ್ರಿ ಕೂಗುತ್ತದೆ, ಕೆಲವು ಮಿಕ್ಸಿ ಸದ್ದಿಗೂ ಉತ್ತರ ಕೊಡುತ್ತವೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಬೆಳೆದ ಕಪ್ಪೆಗೆ ಐದು ದಿನ ಊಟವಿಲ್ಲದಿದ್ದರೆ ಏನೂ ಆಗುವುದಿಲ್ಲ, ನೀರು ಮಾತ್ರ ತಪ್ಪಬಾರದು. ಪಕ್ಕದ ಮನೆಯವರಿಗೆ ಹುಳ ಹಾಕುವ ಕೆಲಸ ಹೇಳಬೇಡಿ, ದಿನವೂ ತಟ್ಟೆಯ ನೀರು ಬದಲಿಸಿದರೆ ಸಾಕು. ಕ್ಲೋರಿನ್ ಹೋದ ನೀರನ್ನು ದಿನಕ್ಕೊಂದು ಬಾಟಲಿಯಂತೆ ತುಂಬಿ ಸಾಲಾಗಿ ಇಟ್ಟುಹೋಗಿ. 5 ಸೆಂ.ಮೀ. ಒಳಗಿನ ಮರಿಯನ್ನು ಎರಡು ದಿನಕ್ಕಿಂತ ಹೆಚ್ಚು ಉಪವಾಸ ಬಿಡಬಾರದು. ಆದ್ದರಿಂದ ಊರಿಗೆ ಹೋಗುವ ತಿಂಗಳಲ್ಲಿ ಮರಿ ತರಬೇಡಿ.

ಅಂಗಡಿಗೆ ಕತ್ತಲಾದ ಮೇಲೆ ಹೋಗಿ. ಹಗಲು ನಿದ್ದೆಯಲ್ಲಿರುವ ಕಪ್ಪೆಯೂ ರೋಗದ ಕಪ್ಪೆಯೂ ಒಂದೇ ಥರ ಕಾಣುತ್ತವೆ. ನಿಮ್ಮೆದುರೇ ಹುಳ ಹಾಕಿಸಿ, ಗುರಿಯಿಟ್ಟು ಹಿಡಿದರೆ ಅರ್ಧ ಪರೀಕ್ಷೆ ಮುಗಿಯಿತು. ಗಾಜಿಗೆ ಅಂಟಿದ್ದಾಗ ಹೊಟ್ಟೆಯ ಕಡೆಯಿಂದ ನೋಡಿ, ಕೆಂಪು ಕಲೆ ಇರಬಾರದು. ಮೂತಿಯ ತುದಿ ಸುಲಿದಿರಬಾರದು. ಸೊಂಟದ ಮೂಳೆ ಎದ್ದು ಕಾಣಬಾರದು. ಆಮೇಲೆ ಕಣ್ಣಿನ ಹಿಂದೆ ಕಿವಿಯ ಗುಂಡಗಿನ ತಮಟೆ ಇದೆಯಲ್ಲ, ಅದರ ಮೇಲೆ ಒಂದು ದಪ್ಪ ಚರ್ಮದ ಏಣು ಇರುತ್ತದೆ. ಬೆಳೆದ ಕಪ್ಪೆಯಲ್ಲಿ ಏಣು ಇದ್ದೂ ಇಲ್ಲದಂತಿದ್ದರೆ ಸೊರಗಿದೆ. ಏಣು ಜೋತು ಬಿದ್ದು ತಮಟೆಯನ್ನೇ ಮುಚ್ಚಿದ್ದರೆ ಬೊಜ್ಜು. ಇದು ಮನೆಗೆ ತಂದ ಮೇಲೂ ತೂಕ ನೋಡುವ ಕನ್ನಡಿ. ಜೊತೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಲಿ, ಆ ಕೆಲಸ ಮಗಳದ್ದು. ಡಬ್ಬದ ಸಮೇತ ತೂಗಿ, ಡಬ್ಬದ ತೂಕ ಕಳೆಯಿರಿ. ಆ ಡಬ್ಬ ಅಡುಗೆಗೆ ವಾಪಸ್ ಹೋಗಬಾರದು.

ಮುಟ್ಟುವ ಮುಂಚೆ ಸೋಪಿಲ್ಲದೆ ಕ್ಲೋರಿನ್ ಹೋದ ನೀರಲ್ಲಿ ಕೈ ತೊಳೆದು, ಒದ್ದೆ ಕೈಯಲ್ಲೇ ಎತ್ತಿ. ಸ್ಯಾನಿಟೈಸರ್ ಹಚ್ಚಿದ ಕೈ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯಿರಿ, ಏಕೆಂದರೆ ಕಪ್ಪೆಗಳ ಮೈಯಲ್ಲೂ ನೀರಲ್ಲೂ ಸಾಲ್ಮೊನೆಲ್ಲಾ ಇರಬಹುದು. 2008ರಿಂದ 2011ರವರೆಗೆ ಅಮೆರಿಕದಲ್ಲಿ ಡ್ವಾರ್ಫ್ ಫ್ರಾಗ್ ತೊಟ್ಟಿಗಳಿಂದ ಇದು ಹರಡಿದಾಗ ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಮಕ್ಕಳು. ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು ಮನೆಗೆ ಬಂದರೆ ಗಾಜಿನ ಹೊರಗಿಂದ ನೋಡಲಿ.

ತೊಟ್ಟಿಯಿಂದ ತೆಗೆದ ನೀರು, ಕೊಕೊಪೀಟ್ ಗಿಡಗಳಿಗೆ ಹಾಕಬೇಡಿ, ಮಳೆನೀರಿನ ಚರಂಡಿಗೂ ಬೇಡ. ಕೈಟ್ರಿಡ್ ಅನ್ನುವ ಶಿಲೀಂಧ್ರ ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಅಳಿಸಿದ್ದು ಹೀಗೆ ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಯೇ. ನೀರಾದರೆ ಹತ್ತು ಪಾಲಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಕಾಲು ಗಂಟೆ ಬಿಟ್ಟು ಕಮೋಡಿಗೆ ಸುರಿಯಿರಿ, ಹಾಸಿಗೆಯನ್ನು ಕವರ್‌ನಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ಬ್ಲೀಚ್ ಬಳಸಿದ ತೊಟ್ಟಿಯನ್ನು ವಾಸನೆ ಹೋಗುವವರೆಗೆ ತೊಳೆದು, ಕೊನೆಯ ನೀರಿಗೆ ಥಯೋಸಲ್ಫೇಟ್ ಹಾಕಿ, ಒಣಗಿಸಿ.

ತಂದ ಮೊದಲ ಮೂರು ನಾಲ್ಕು ದಿನ ತಿನ್ನದಿದ್ದರೆ ಗಾಬರಿ ಬೇಡ. ತೊಟ್ಟಿಯ ಮೂರು ಬದಿಗೆ ಪೇಪರ್ ಅಂಟಿಸಿ, ಸಂಜೆ ಎರಡೇ ಚಿಮ್ಮಂಡೆ ಬಿಡಿ, ಬೆಳಿಗ್ಗೆ ಉಳಿದಿದ್ದರೆ ಹಿಡಿದು ತೆಗೆಯಿರಿ. ಹಸಿದ ಚಿಮ್ಮಂಡೆ ಮಲಗಿದ ಕಪ್ಪೆಯ ಬೆರಳನ್ನೇ ಕಡಿಯುತ್ತದೆ. ಮರಿ ಐದು ದಿನ, ದೊಡ್ಡದು ಹತ್ತು ದಿನ ಮುಟ್ಟದಿದ್ದರೆ ಹೊಸ ಕಕ್ಕವನ್ನು ಒದ್ದೆ ಟಿಶ್ಯೂನಲ್ಲಿ ಸುತ್ತಿ, ಚಿಕ್ಕ ಡಬ್ಬದಲ್ಲಿ ಹಾಕಿ ಅದೇ ದಿನ ಡಾಕ್ಟರ ಹತ್ತಿರ ಒಯ್ಯಿರಿ. ನಾಯಿ ಬೆಕ್ಕು ನೋಡುವ ಎಲ್ಲರೂ ಕಪ್ಪೆ ನೋಡುವುದಿಲ್ಲ. ಯಾರು ನೋಡುತ್ತಾರೆ ಅಂತ ಕಪ್ಪೆ ತರುವ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.